ಎರಡೂ ಕಿವಿ ಕಾಣಬೇಕು

(ಮೈಸೂರಿನಲ್ಲಿ ಫೋಟೋಗ್ರಫಿ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಒಂದು ಭಾನುವಾರ ಆಡಿದ ಮಾತು ಇದು. ಅವತ್ತು ಪರದೆಯ ಮೇಲೆ ಚಿತ್ರಗಳಿದ್ದವು. ಇಲ್ಲಿ ಇಲ್ಲ. ಅದಕ್ಕೇ ಕೆಲವು ಕಡೆ ಮಾತು ಸ್ವಲ್ಪ ಜಾಸ್ತಿಯಾಗಿದೆ.)

ಎಲ್ಲರಿಗೂ ನಮಸ್ಕಾರ. ಈಗ ಪರಿಚಯ ಮಾಡಿಕೊಟ್ಟವರು ನನ್ನನ್ನು ಡಾಕ್ಯುಮೆಂಟರಿ ಫೋಟೋಗ್ರಾಫರ್ ಅಂದರು. ಕೇಳೋಕೆ ಚೆನ್ನಾಗಿದೆ. ಆದರೆ ನಾನು ಮೊದಲು ಕ್ಯಾಮೆರಾ ಹಿಡಿದದ್ದು ಕುಶಾಲನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ. ಸೋದರಮಾವನ ಅಂಗಡಿ ಅದು. ಒಂದು ಸ್ಟೂಲು, ಹಿಂದೆ ನೀಲಿ ಪರದೆ, ಎರಡು ಛತ್ರಿ ಲೈಟು. ಗೋಡೆಗೆ ಕನ್ನಡಿ, ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ. ಮೊಳೆಗೆ ನೇತು ಹಾಕಿದ ಒಂದು ಕರಿ ಕೋಟು. ಊರಿನ ಅರ್ಧ ಜನ ಆ ಕೋಟಿನಲ್ಲೇ ಫೋಟೋ ತೆಗೆಸಿಕೊಂಡಿದ್ದಾರೆ. ನಾನು ಪಿಯುಸಿ ಫೇಲಾದ ವರ್ಷ ಮಾವ ನನ್ನನ್ನು ಅಲ್ಲಿ ತಂದು ನಿಲ್ಲಿಸಿದರು.

ಗಿರಾಕಿಗಳಲ್ಲಿ ತುಂಬಾ ಜನ ಟಿಬೆಟಿಯನ್ನರು. ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿದು ಪಿರಿಯಾಪಟ್ಟಣ ತಾಲ್ಲೂಕು ಶುರು. ಸ್ವಲ್ಪ ಮುಂದೆ ಹೋದರೆ ಬೈಲಕುಪ್ಪೆ. ನಮ್ಮ ಕಡೆ ಅದನ್ನು 'ಕ್ಯಾಂಪು' ಅಂತಲೇ ಕರೆಯುತ್ತೇವೆ. ಅವರಿಗೆಲ್ಲ ಆರ್‌ಸಿ ಅಂತ ಒಂದು ಇರುತ್ತದೆ, ರಿಜಿಸ್ಟ್ರೇಷನ್ ಸರ್ಟಿಫಿಕೇಟ್. ಗಾಡಿಯದ್ದಲ್ಲ, ಮನುಷ್ಯರದ್ದು. ಇಲ್ಲೇ ಹುಟ್ಟಿದ್ದರೂ ಸರ್ಕಾರದ ಲೆಕ್ಕದಲ್ಲಿ ವಿದೇಶಿಯರು. ಆಗಾಗ ಅದನ್ನು ಹೊಸದು ಮಾಡಿಸಬೇಕು, ಅದಕ್ಕೆ ಫೋಟೋ ಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರು ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆದರೂ ತುಂಬಾ ಜನ ಆರ್‌ಸಿಯನ್ನೇ ಇಟ್ಟುಕೊಂಡಿದ್ದಾರೆ. ಅದು ಬೇರೆ ಕಥೆ.

ಮಾವನ ಕಾನೂನು ಮೂರೇ. ನೆಟ್ಟಗೆ ಕೂರಬೇಕು. ನಗಬಾರದು. ಎರಡೂ ಕಿವಿ ಕಾಣಬೇಕು.

ಒಂದು ದಿನ ಒಬ್ಬರು ಟಿಬೆಟಿಯನ್ ಅಜ್ಜಿ ಬಂದು ಸ್ಟೂಲಿನ ಮೇಲೆ ಕೂತರು. ಎಡಗೈಯಲ್ಲಿ ಜಪಮಣಿ. ಮಣಿ ಒಂದೊಂದೇ ಬೆರಳ ಕೆಳಗೆ ಜಾರುತ್ತಿದೆ, ತುಟಿ ಸಣ್ಣಗೆ ಅಲ್ಲಾಡುತ್ತಿದೆ. ನಾನು, "ಅಜ್ಜಿ, ಕೈ ಅಲ್ಲಾಡಿಸಬೇಡಿ" ಅಂದೆ. ಅವರು ಚೆನ್ನಾದ ಕನ್ನಡದಲ್ಲಿ ಕೇಳಿದರು: "ಕೈ ಫೋಟೋದಲ್ಲಿ ಬರ್ತದಾ?"

"ಇಲ್ಲ."

"ಮತ್ತೆ?"

ತುಟಿ ನಿಲ್ಲಿಸಿದರು, ಕೈ ನಿಲ್ಲಿಸಲಿಲ್ಲ. ನಾನು ಕ್ಲಿಕ್ ಮಾಡಿದೆ. ಎಂಟು ಕಾಪಿ ಕತ್ತರಿಸಿ ಕವರಿಗೆ ಹಾಕಿ ಕೊಟ್ಟೆ. ಫೋಟೋದಲ್ಲಿ ಯಾವುದೋ ಕಚೇರಿಯ ಕಡತಕ್ಕೆ ಸರಿಹೊಂದುವ ಒಂದು ಮುಖ ಇತ್ತು. ಚೌಕಟ್ಟಿನ ಕೆಳಗೆ, ಒಂದು ಗೇಣು ದೂರದಲ್ಲಿ, ಆ ಅಜ್ಜಿಯ ಇಡೀ ಬದುಕು ಮಣಿ ಎಣಿಸುತ್ತಿತ್ತು. ಅವತ್ತು ಇಷ್ಟೆಲ್ಲ ಹೊಳೆಯಲಿಲ್ಲ ಬಿಡಿ. ಹತ್ತೊಂಬತ್ತು ವರ್ಷದ ಹುಡುಗ. ಆದರೆ ಆ 'ಮತ್ತೆ?' ಮಾತ್ರ ತಲೆಯಲ್ಲಿ ಉಳಿಯಿತು. ಮುಂದಿನ ಭಾನುವಾರ ಮಾವನ ಕ್ಯಾಮೆರಾ ಕೇಳಿಕೊಂಡು ಕ್ಯಾಂಪಿಗೆ ಹೋದೆ. ಈಗಲೂ ಹೋಗುತ್ತಿದ್ದೇನೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಕಾಡು ಕಡಿದು, ಬಿದಿರಿನ ಗುಡಿಸಲು ಹಾಕಿ, ಮುಸುಕಿನ ಜೋಳ ಬಿತ್ತಿದರು. ಹಿಮದಿಂದ ಬಂದವರಿಗೆ ನಮ್ಮ ಸೆಕೆ, ಜ್ವರ, ಆನೆ ಎಲ್ಲವೂ ಹೊಸದು. ಮೊದಲ ವರ್ಷಗಳಲ್ಲಿ ತುಂಬಾ ಸಾವು. 1969ರಲ್ಲಿ ಪಕ್ಕದಲ್ಲೇ ಎರಡನೆಯ ನೆಲೆ ಆಯಿತು. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೇ ಜೈಲಿನಲ್ಲಿ ಹತ್ತು ವರ್ಷ ಕಳೆದಿದ್ದ, ಟಿಬೆಟ್ಟಿನ ಸೆರಾ ಮಠದ ಭಿಕ್ಷುಗಳು ಬಂದು ಇಲ್ಲಿ ಮತ್ತೆ ಸೆರಾ ಕಟ್ಟಿದರು. ಹುಣಸೂರು, ಕೊಳ್ಳೇಗಾಲ, ಮುಂಡಗೋಡ ಸೇರಿಸಿದರೆ ಕರ್ನಾಟಕದಲ್ಲಿ ಒಟ್ಟು ಐದು ನೆಲೆ.

ಈಗ ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಫೋಟೋ ತೆಗೆದಿದ್ದೀರಿ?

(ಮುಕ್ಕಾಲು ಜನ ಕೈ ಎತ್ತಿದರು.)

ನಾನೂ ತೆಗೆದಿದ್ದೇನೆ. ನಾಮ್‌ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ, ಈ ದೊಡ್ಡ ಗುಡಿ ಆದದ್ದು 1999ರಲ್ಲಿ. ಒಳಗೆ ನಡುವೆ 60 ಅಡಿ ಬುದ್ಧ, ಎರಡು ಕಡೆ 58 ಅಡಿಯ ಎರಡು ಮೂರ್ತಿ. ಬಾಗಿಲಲ್ಲಿ ನಿಂತು ವೈಡ್ ಲೆನ್ಸ್ ಹಾಕಿದರೆ ಎಲ್ಲರಿಗೂ ಒಂದೇ ಚಿತ್ರ ಬರುತ್ತದೆ. ಮೊದಲ ವರ್ಷ ನಾನು ತೆಗೆದದ್ದೆಲ್ಲ ಅದೇ. ಬಂಗಾರ, ಕೆಂಪು ಬಟ್ಟೆ, ಪುಟ್ಟ ಭಿಕ್ಷು ಆಕಳಿಸುವುದು. ಒಂದು ಸಣ್ಣ ವಿಷಯ, ನಿಮಗೆ ಉಪಯೋಗಕ್ಕೆ ಬರುತ್ತದೆ: ಆ ಕಡುಗೆಂಪು ಬಟ್ಟೆ ಬಿಸಿಲಲ್ಲಿ ಕ್ಯಾಮೆರಾಗೆ ಮೋಸ ಮಾಡುತ್ತದೆ. ಚೌಕಟ್ಟು ತುಂಬಾ ಬಟ್ಟೆಯಿದ್ದರೆ ಕ್ಯಾಮೆರಾ ಕತ್ತಲು ಅಂದುಕೊಂಡು ಬೆಳಕು ಜಾಸ್ತಿ ಬಿಡುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಕೆಂಪು ಉಕ್ಕಿ ಬಟ್ಟೆಯ ಮಡಿಕೆಯೆಲ್ಲ ಮಾಯ. ಒಂದು ಸ್ಟಾಪ್ ಕಮ್ಮಿ ಮಾಡಿ, ಅಂದರೆ ಬೆಳಕು ಅರ್ಧಕ್ಕೆ ಇಳಿಸಿ ತೆಗೆಯಿರಿ.

ಆಮೇಲೆ ನಾನು ಬುದ್ಧಿವಂತನಾದೆ ಅಂದುಕೊಂಡೆ. ಹಾರ್ಡ್ ಡಿಸ್ಕ್‌ನಲ್ಲಿ ಮೂರು ಫೋಲ್ಡರ್ ಮಾಡಿದೆ. ಮಠ, ಆಟ, ಬದುಕು. ಪ್ರಾರ್ಥನೆ ಎಲ್ಲ ಮೊದಲನೆಯದಕ್ಕೆ, ಫುಟ್‌ಬಾಲ್ ಎಲ್ಲ ಎರಡನೆಯದಕ್ಕೆ, ಹೊಲ, ಅಂಗಡಿ, ಅಡುಗೆ ಮೂರನೆಯದಕ್ಕೆ. ಅಚ್ಚುಕಟ್ಟು. ನಾಲ್ಕು ವರ್ಷ ಹಾಗೇ ನಡೆಯಿತು.

ಅದನ್ನು ಕೆಡಿಸಿದ್ದು ಸೆರಾದ ಚರ್ಚೆ ಅಂಗಳ. ಅಲ್ಲಿ ಭಿಕ್ಷುಗಳು ಶಾಸ್ತ್ರ ಕಲಿಯುವುದೇ ವಾದ ಮಾಡಿ. ಉತ್ತರ ಕೊಡುವವನು ನೆಲದ ಮೇಲೆ ಕೂತಿರುತ್ತಾನೆ. ಕೇಳುವವನು ನಿಂತು, ಎಡಗಾಲು ಎತ್ತಿ ನೆಲಕ್ಕೆ ಅಪ್ಪಳಿಸಿ, ಅದೇ ಹೊತ್ತಿಗೆ ಬಲಗೈಯನ್ನು ಎಡಗೈ ಮೇಲೆ ಚಟ್ ಅಂತ ಹೊಡೆಯುತ್ತಾನೆ. ಆಮೇಲೆ ಎಡಗೈ ಮುಂದೆ ಚಾಚುತ್ತಾನೆ. ಅದು ಕೆಟ್ಟ ಜನ್ಮಗಳ ಬಾಗಿಲು ಮುಚ್ಚಿದ ಹಾಗೆ. ಬಲಗೈ ಹಿಂದಕ್ಕೆ ಎಳೆಯುತ್ತಾನೆ. ಅದು ದುಃಖದಲ್ಲಿರುವವರನ್ನು ಮೇಲೆತ್ತಿದ ಹಾಗೆ. ನೂರಾರು ಜನ ಒಟ್ಟಿಗೆ ಹೀಗೆ ಮಾಡಿದರೆ ಅಂಗಳದಲ್ಲಿ ಪಟಾಕಿ ಸರ ಹಚ್ಚಿದ ಹಾಗಿರುತ್ತದೆ. ತಪ್ಪು ಉತ್ತರ ಬಂದರೆ ಸುತ್ತಲಿನವರು ಕೂಗಿ ಕಾಲೆಳೆಯುತ್ತಾರೆ. ಬೆವರು, ನಗು, ಸಿಟ್ಟು, ಎಲ್ಲ ಇದೆ.

ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕೆ ತೆಗೆದರೆ ಕೈ ಗಾಳಿಯಲ್ಲಿ ನಿಲ್ಲುತ್ತದೆ, ಯಾರೋ ಯಾರಿಗೋ ಹೊಡೆಯಲು ಹೊರಟ ಹಾಗೆ ಕಾಣುತ್ತದೆ. 15ರಲ್ಲಿ ಒಂದು ಭಾಗಕ್ಕೆ ತೆಗೆದರೆ ಕೈ ಹೊಗೆಯಂತೆ ಕದಡುತ್ತದೆ, ಕೂತವನ ಮುಖ ಮಾತ್ರ ಸ್ಪಷ್ಟ. ಎರಡನೆಯದೇ ನಿಜಕ್ಕೆ ಹತ್ತಿರ, ಯಾಕೆಂದರೆ ಅಲ್ಲಿ ನಡೆಯುತ್ತಿರುವುದು ಕೂತವನ ತಲೆಯೊಳಗೆ. ಅವತ್ತು ರಾತ್ರಿ ಆ ಚಿತ್ರ ಯಾವ ಫೋಲ್ಡರಿಗೆ ಹಾಕಲಿ ಅಂತ ಗೊತ್ತಾಗಲಿಲ್ಲ. ಮಠವಾ, ಆಟವಾ?

ಫುಟ್‌ಬಾಲ್ ಅಂತೂ ಇನ್ನೂ ಗೊಂದಲ. ದಲೈ ಲಾಮಾ ಅವರ ತಾಯಿ 1981ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಗ್ಯಾಲ್ಯುಂ ಚೆನ್ಮೊ ಚಿನ್ನದ ಕಪ್ ಅಂತ ಟೂರ್ನಿ ಶುರುವಾಯಿತು. ಬೇರೆ ಬೇರೆ ನೆಲೆಗಳಿಂದ ತಂಡಗಳು ಬರುತ್ತವೆ. ಬೈಲಕುಪ್ಪೆಯಲ್ಲೂ ಹಲವು ಸಲ ನಡೆದಿದೆ. ಹೀಗೆ ಕ್ಯಾಂಪುಗಳ ಮೈದಾನದಲ್ಲಿ ಬೆಳೆದ ಹುಡುಗರೇ 2001ರಲ್ಲಿ ಕೋಪನ್‌ಹೇಗನ್‌ಗೆ ಹೋಗಿ ಟಿಬೆಟ್ ಹೆಸರಲ್ಲಿ ಗ್ರೀನ್‌ಲ್ಯಾಂಡ್ ಎದುರು ಆಡಿದರು. ಮೊದಲ ಗೋಲು ಇವರದೇ. ಕೊನೆಗೆ 4-1ರಲ್ಲಿ ಸೋತರು. ಫಿಫಾದಲ್ಲಿ ಎರಡೂ ಇಲ್ಲ. ಭೂಪಟದಲ್ಲಿ ದೇಶ ಅಂತ ಗುರುತಿಲ್ಲದವರು 90 ನಿಮಿಷ ಜೆರ್ಸಿ ಹಾಕಿಕೊಂಡು ದೇಶವಾಗಿದ್ದರು.

ನಾನು ಮೊದಮೊದಲು ದೂರದ್ದನ್ನು ಹತ್ತಿರ ಎಳೆಯುವ 300 ಎಂಎಂ ಲೆನ್ಸ್ ಬಾಡಿಗೆಗೆ ತಂದು, ಗೋಲ್ ಹಿಂದೆ ಕೂತು, ಪೇಪರಿನಲ್ಲಿ ಬರುವ ಹಾಗೆ ಹೆಡರ್ ಹೊಡೆಯುವುದನ್ನೇ ತೆಗೆಯುತ್ತಿದ್ದೆ. ಮುಖ ತಿರುಚಿ, ಕಣ್ಣು ಮುಚ್ಚಿ, ಬಾಲ್ ಹಣೆಗೆ ಅಂಟಿಕೊಂಡು. ಪ್ರಪಂಚದ ಯಾವ ಊರಲ್ಲಿ ತೆಗೆದರೂ ಅದೇ ಚಿತ್ರ. ಒಂದು ಸಲ ಆ ಲೆನ್ಸ್ ಕೆಟ್ಟಿತು. ಕೈಯಲ್ಲಿದ್ದದ್ದು ಹತ್ತಿರದ್ದಕ್ಕೆ ಆಗುವ 35 ಎಂಎಂ ಲೆನ್ಸ್ ಮಾತ್ರ. ಬೇರೆ ದಾರಿ ಇಲ್ಲದೆ ಮೈದಾನಕ್ಕೆ ಬೆನ್ನು ಹಾಕಿ ಜನರ ಕಡೆ ತಿರುಗಿದೆ. ಅಲ್ಲಿ ಬಿಸಿಲಿಗೆ ಛತ್ರಿ ಹಿಡಿದ ಅಜ್ಜಿಯರ ಸಾಲು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮಣಿಚಕ್ರ, ಅಂದರೆ ಕೈಯಲ್ಲಿ ಹಿಡಿಯುವ ಪ್ರಾರ್ಥನೆ ಚಕ್ರ, ತಿರುಗುತ್ತಿದೆ. ಗೋಲ್ ಹತ್ತಿರ ಬಾಲ್ ಬಂದ ಹಾಗೆ ಚಕ್ರದ ವೇಗ ಜಾಸ್ತಿಯಾಗುತ್ತಿದೆ! ಮೊಮ್ಮಗ ಗೋಲು ತಪ್ಪಿಸಿದ. ಚಕ್ರ ಒಂದು ಕ್ಷಣ ನಿಂತಿತು. ಅಜ್ಜಿ ಅವನಿಗೆ ಏನೋ ಬೈದರು, ಅದು ಮಂತ್ರ ಅಂತೂ ಅಲ್ಲ.

ಆ ರಾತ್ರಿ ಮೂರು ಫೋಲ್ಡರನ್ನೂ ಒಂದು ಮಾಡಿದೆ. ಈಗ ವರ್ಷದ ಹೆಸರು ಮಾತ್ರ ಹಾಕುತ್ತೇನೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಒಂದು ಮಠದ ಹಿಂದಿನ ಬಯಲಲ್ಲಿ ರಜೆ ದಿನ ಹುಡುಗ ಭಿಕ್ಷುಗಳು ಫುಟ್‌ಬಾಲ್ ಆಡುತ್ತಿದ್ದರು. ಬಟ್ಟೆ ಮೊಣಕಾಲಿನ ಮೇಲೆ ಕಟ್ಟಿಕೊಂಡು, ಚಪ್ಪಲಿಯಲ್ಲೇ. ನಾನು ತೆಗೆದೆ, ಹುಡುಗರೂ ಬೇಡ ಅನ್ನಲಿಲ್ಲ. ಆ ಚಿತ್ರ ಒಂದು ಪತ್ರಿಕೆಗೆ ಕೊಟ್ಟೆ. ಅವರು ಕೆಳಗೆ ಹಾಕಿದ ಸಾಲು: 'ಧ್ಯಾನಕ್ಕೆ ಚಕ್ಕರ್, ಮೈದಾನಕ್ಕೆ ಹಾಜರ್'. ಓದುವವರಿಗೆ ತಮಾಷೆ. ಆದರೆ ಮಠದ ಹಿರಿಯರಿಗೆ ಯಾರೋ ಅದನ್ನು ಕನ್ನಡದಿಂದ ಹೇಳಿ ತೋರಿಸಿದರು. ಚಿತ್ರದಲ್ಲಿ ಮುಖ ಸ್ಪಷ್ಟವಾಗಿದ್ದ ಹುಡುಗ ಒಬ್ಬನೇ. ಬೈಸಿಕೊಂಡವನೂ ಅವನೊಬ್ಬನೇ. ಆಟ ಆಡಿದ್ದು ತಪ್ಪು ಅಂತಲ್ಲ. ಮಠದ ಮಾನ ತೆಗೆದೆ ಅಂತ. ಸಾಲು ಬರೆದವರು ಪತ್ರಿಕೆಯವರು, ಆದರೆ ಕೊಟ್ಟವನು ನಾನು. ಏನು ಬರೆಯುತ್ತೀರಿ ಅಂತ ಕೇಳಿರಲಿಲ್ಲ. ಆ ಹುಡುಗ ಒಂದು ವರ್ಷ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ. ಅಂದಿನಿಂದ ಚಿತ್ರದ ಜೊತೆಗೆ ಅದರ ಸಾಲನ್ನೂ ನಾನೇ ಬರೆದು ಕೊಡುತ್ತೇನೆ. ಬದಲಾಯಿಸುವುದಾದರೆ ಚಿತ್ರ ಬೇಡ ಅನ್ನುತ್ತೇನೆ. ಇದರಿಂದ ಎರಡು ಮೂರು ಕಡೆ ಕೆಲಸ ಹೋಗಿದೆ. ಹೋಗಲಿ.

ಈ ದಾರಿಯಲ್ಲಿ ಎಡವಿದವರಲ್ಲಿ ನಮಗಿಂತ ತುಂಬಾ ದೊಡ್ಡವರೂ ಇದ್ದಾರೆ. 1936ರಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವವರ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ನೀವೆಲ್ಲ ನೋಡಿದ್ದೀರಿ, ಕೆನ್ನೆಗೆ ಕೈ ಇಟ್ಟು ದೂರ ನೋಡುತ್ತಿರುವ ಹೆಂಗಸು, ಎರಡೂ ಭುಜಕ್ಕೆ ಮಕ್ಕಳು ಮುಖ ಮುಚ್ಚಿಕೊಂಡಿವೆ. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಅಂತ ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ನಲವತ್ತೆರಡು ವರ್ಷ! ಆ ಚಿತ್ರದಿಂದ ತನಗೆ ಏನೂ ಸಿಗಲಿಲ್ಲ ಅನ್ನುವ ಬೇಸರ ಆಕೆಗೆ ಇತ್ತು. ಲೂಯಿಸ್ ಹೈನ್ ಬೇರೆ ತರಹ. ಮೂಲತಃ ಮೇಷ್ಟ್ರು. 1904ರಿಂದ ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪಕ್ಕೆ ಹೋಗಿ, ಹಡಗು ಇಳಿದ ವಲಸಿಗರ ಚಿತ್ರ ತೆಗೆದರು. ದೊಡ್ಡ ಪೆಟ್ಟಿಗೆ ಕ್ಯಾಮೆರಾ, ಮುಕ್ಕಾಲಿ, ಢಂ ಅಂತ ಉರಿಯುವ ಫ್ಲಾಶ್ ಪುಡಿ. ಬಂದವರ ಭಾಷೆ ಬರುತ್ತಿರಲಿಲ್ಲ, ಕೈಸನ್ನೆಯಲ್ಲೇ ಒಪ್ಪಿಸಬೇಕಿತ್ತು. ಆ ನೂಕುನುಗ್ಗಲಲ್ಲಿ ಕೈಸನ್ನೆ ಮಾಡಿ, ಒಪ್ಪುವವರೆಗೆ ಕಾದು ತೆಗೆದ ಮುಖಗಳು ಅವು. ಅದು ಕಾಣುತ್ತದೆ, ಅಲ್ವಾ? ದೂರ ಯಾಕೆ, ನಿಮ್ಮ ಮೈಸೂರಿನವರೇ ಟಿ.ಎಸ್. ಸತ್ಯನ್. 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರ ಮಕ್ಕಳ ಚಿತ್ರಗಳ ಪ್ರದರ್ಶನ ವಿಶ್ವಸಂಸ್ಥೆಯ ಕಚೇರಿಯಲ್ಲೇ ನಡೆಯಿತು. ಅವರ ಚಿತ್ರದ ಮಕ್ಕಳು ಬಡವರಿರಬಹುದು, ಪಾಪದವರ ಹಾಗೆ ಕಾಣುವುದಿಲ್ಲ.

ಇನ್ನೊಂದು ಮಾತು. ನಾನು ಮುಂಡಗೋಡಕ್ಕೂ ಹೋಗುತ್ತಿರುತ್ತೇನೆ. ಟಿಬೆಟಿಯನ್ನರ ನೆಲೆ ಇರುವ ಅದೇ ತಾಲ್ಲೂಕಿನಲ್ಲಿ, ಯಲ್ಲಾಪುರ, ಹಳಿಯಾಳದ ಕಡೆ ಕೂಡ, ಸಿದ್ದಿಗಳಿದ್ದಾರೆ. ಅವರ ಹಿರಿಯರನ್ನು ಕೆಲವು ನೂರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದದ್ದು. ಈಗ ಅವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂವರೂ ಇದ್ದಾರೆ, ಮನೆಯ ಮಾತು ಕೊಂಕಣಿ, ಕನ್ನಡ, ಉರ್ದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ಓಟಕ್ಕೆ ತರಬೇತಿ ಕೊಡಲು ಹೊರಟಿತು. ಆಫ್ರಿಕಾದ ಮೈಕಟ್ಟು, ಓಡುತ್ತಾರೆ ಅನ್ನುವ ಲೆಕ್ಕ. ಕೆಲವರು ಚೆನ್ನಾಗಿಯೇ ಓಡಿದರು. ಕೆಲವು ವರ್ಷಕ್ಕೆ ಯೋಜನೆ ನಿಂತಿತು, ಮಕ್ಕಳು ಕಾಡಿಗೆ ವಾಪಸು. ಈಗಲೂ ಅಲ್ಲಿಗೆ ಬರುವ ಫೋಟೋಗ್ರಾಫರುಗಳು ಮಕ್ಕಳಿಗೆ, "ಒಂದು ಸಲ ಓಡಿ ತೋರಿಸು" ಅನ್ನುತ್ತಾರೆ. ಒಬ್ಬ ಹುಡುಗಿ ನನಗೆ ಮೊದಲೇ ಹೇಳಿದಳು: "ಅಣ್ಣಾ, ನಂಗೆ ಲೆಕ್ಕ ಚೆನ್ನಾಗಿ ಬರ್ತದೆ. ಓಡೋಕೆ ಬರಲ್ಲ." ಅವಳು ಸ್ಲೇಟು ಹಿಡಿದು ಕೂತ ಚಿತ್ರ ನನ್ನ ಹತ್ತಿರ ಇದೆ. ಇದುವರೆಗೆ ಯಾರೂ ಅಚ್ಚು ಹಾಕಿಲ್ಲ.

ಬೈಲಕುಪ್ಪೆಗೆ ವಾಪಸು ಬರೋಣ. ಒಬ್ಬರು ಅಜ್ಜನ ವಿಷಯ ಹೇಳಿ ಮುಗಿಸುತ್ತೇನೆ. ನಾನು ಅವರನ್ನು ಪೋಲಾ ಅನ್ನುತ್ತಿದ್ದೆ. ಟಿಬೆಟಿಯನ್ ಮಾತಿನಲ್ಲಿ ಅಜ್ಜ ಅಂತ. ಹುಡುಗನಾಗಿದ್ದಾಗ ನಡೆದುಕೊಂಡು ಗಡಿ ದಾಟಿದವರು. ಬೆಳಿಗ್ಗೆ ಮಠದ ಸುತ್ತ ಪ್ರದಕ್ಷಿಣೆ. ಅವರು ಕೋರಾ ಅನ್ನುತ್ತಾರೆ. ಮಧ್ಯಾಹ್ನ ಚಹಾ ಅಂಗಡಿ ಹಿಂದೆ ಷೋ ಆಟ. ಮರದ ಬಟ್ಟಲಲ್ಲಿ ಎರಡು ದಾಳ ಹಾಕಿ ಕುಲುಕಿ, ಚರ್ಮದ ದಿಂಬಿನ ಮೇಲೆ ಧಡ್ ಅಂತ ಬೋರಲು ಹಾಕುವುದು, ಕವಡೆ ಇಟ್ಟು ಲೆಕ್ಕ. ಹಾಕುವ ಮುಂಚೆ ಬೇಕಾದ ಸಂಖ್ಯೆಯನ್ನು ಹಾಡಿನಂತೆ ಕೂಗಿ ಕರೆಯಬೇಕು. ಬೆಳಿಗ್ಗೆ ಮಂತ್ರ ಹೇಳಿದ ಅದೇ ಗಂಟಲು. ಚಳಿಗಾಲ ಬಂತು ಅಂದರೆ ಮಗಳ ಜೊತೆ ಹುಬ್ಬಳ್ಳಿಗೆ, ಫುಟ್‌ಪಾತಿನಲ್ಲಿ ಪಂಜಾಬಿನ ಲೂಧಿಯಾನದಿಂದ ತರಿಸಿದ ಸ್ವೆಟರ್ ಮಾರೋಕೆ. ನಾನೂ ಒಂದು ವರ್ಷ ಹೋಗಿ ವಾರ ಇದ್ದೆ. ಗಿರಾಕಿ, "ಇದು ಟಿಬೆಟ್ ಉಣ್ಣೇನಾ?" ಅಂತ ಕೇಳಿದರೆ ಪೋಲಾ ನಗದೆ, "ಲೂಧಿಯಾನ ಟಿಬೆಟ್" ಅನ್ನುತ್ತಿದ್ದರು.

ಮೊಮ್ಮಕ್ಕಳು ಯಾರೂ ಸ್ವೆಟರ್ ಮಾರುವುದಿಲ್ಲ. ಒಬ್ಬಳು ಬೆಂಗಳೂರಲ್ಲಿ ನರ್ಸು, ಒಬ್ಬ ಟೊರೊಂಟೊದಲ್ಲಿ. ಜೋಳದ ಹೊಲ ಗುತ್ತಿಗೆಗೆ ಹೋಗಿದೆ, ಈಗ ಅಲ್ಲಿ ಶುಂಠಿ. ಬಂದವರ ಮಕ್ಕಳು ಮತ್ತೆ ಹೊರಟಿದ್ದಾರೆ. ನನ್ನ ಈಚಿನ ಚಿತ್ರಗಳಲ್ಲಿ ಖಾಲಿ ಕುರ್ಚಿ ಜಾಸ್ತಿ, ವಿಡಿಯೋ ಕಾಲ್ ಜಾಸ್ತಿ.

ಪೋಲಾ ಹೋದ ವರ್ಷ ತೀರಿಕೊಂಡರು. ಕೆಲವು ತಿಂಗಳು ಬಿಟ್ಟು ಮಗಳು ನನ್ನ ಹತ್ತಿರ ಬಂದರು. ಮನೆಯಲ್ಲಿ ಖತಾ, ಅಂದರೆ ಗೌರವದ ಬಿಳಿ ಶಾಲು, ಹಾಕಿ ಇಡೋಕೆ ಅಪ್ಪನ ಒಂದು ಫೋಟೋ ಬೇಕು ಅಂದರು. ನನಗೆ ಹೆಮ್ಮೆ. ಹನ್ನೊಂದು ವರ್ಷದ ಕೆಲಸ! ಲ್ಯಾಪ್‌ಟಾಪ್ ತೆರೆದು ಕೂತೆ. ಕೋರಾದಲ್ಲಿ ಬೆನ್ನು, ಮಂಜಿನೊಳಗೆ. ದಾಳ ಹಾಕುವಾಗ ಬಾಯಿ ತೆರೆದದ್ದು, ಅರ್ಧ ಮುಖ ನೆರಳಲ್ಲಿ. ಹುಬ್ಬಳ್ಳಿಯಲ್ಲಿ ಸ್ವೆಟರ್ ರಾಶಿಯ ಹಿಂದೆ ಕಣ್ಣು ಮಾತ್ರ. ಮಗಳು ಒಂದೊಂದನ್ನೂ ನೋಡಿದರು. "ಚೆನ್ನಾಗಿದೆ, ಚೆನ್ನಾಗಿದೆ" ಅಂದರು. ಆಮೇಲೆ ಮೆಲ್ಲಗೆ ಕೇಳಿದರು: "ನೆಟ್ಟಗೆ ನೋಡೋದು ಒಂದೂ ಇಲ್ವಾ?"

ಇರಲಿಲ್ಲ.

ಇಬ್ಬರೂ ಮಾವನ ಸ್ಟುಡಿಯೋಗೆ ಹೋದೆವು. ಹಳೇ ಕಂಪ್ಯೂಟರಿನಲ್ಲಿ ಹುಡುಕಿದೆವು. ಆರ್‌ಸಿಗೆ ತೆಗೆದದ್ದು ಸಿಕ್ಕಿತು. ನೀಲಿ ಪರದೆ, ಆ ಕರಿ ಕೋಟು, ಎರಡೂ ಕಿವಿ. ಮಗಳು ಪರದೆಯ ಹತ್ತಿರ ಮುಖ ತಂದು ತುಂಬಾ ಹೊತ್ತು ನೋಡಿದರು. ಆ ಫೋಟೋ ತೆಗೆದದ್ದು ನಾನೇ ಇರಬೇಕು, ಆದರೆ ನೆನಪಿಲ್ಲ. 12×18 ಪ್ರಿಂಟ್ ಹಾಕಿ ಫ್ರೇಮ್ ಮಾಡಿ ಕೊಟ್ಟೆವು. ಮಾವ ದುಡ್ಡು ತಗೊಳ್ಳಲಿಲ್ಲ.